ಮುಟ್ಟದೆ ಕಾದ 61 ದಿನ

ಮೊಟ್ಟೆಗಳ ನೆತ್ತಿಯ ಮೇಲೆ ಪೆನ್ಸಿಲಿನಿಂದ ಸಂಖ್ಯೆ ಬರೆಯುವಾಗ ಉಸಿರು ಬಿಗಿಹಿಡಿದಿದ್ದೆ. ಮೊನೆ ಚುಚ್ಚದಿರಲಿ ಎಂದು ಪೆನ್ಸಿಲನ್ನು ಮೊದಲೇ ಕಾಗದದ ಮೇಲೆ ಉಜ್ಜಿ ಮೊಂಡು ಮಾಡಿಕೊಂಡಿದ್ದೆ. ಹಾವಿನ ಮೊಟ್ಟೆಗೆ ಕೋಳಿಮೊಟ್ಟೆಯಂತೆ ಗಟ್ಟಿ ಚಿಪ್ಪಿಲ್ಲ. ನೆನೆದ ಚರ್ಮದಂತೆ ಅದು ಬೆರಳಿಗೆ ಬಗ್ಗುತ್ತದೆ. 1, 2, 3 ಎಂದು 12ರವರೆಗೆ ಬರೆದೆ. ಲೆಕ್ಕ ಇಡುವುದಕ್ಕಷ್ಟೇ ಅಲ್ಲ, ಯಾವುದು ಮೇಲು ಯಾವುದು ಕೆಳಗು ಎಂಬುದು ಮರೆಯದಿರಲಿ ಎಂದು. ಕೋಳಿ ತನ್ನ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸುತ್ತದೆ, ಹೊರಳಿಸದಿದ್ದರೆ ಮರಿಗೆ ಕೇಡು. ಹಾವಿನದು ಇದಕ್ಕೆ ತದ್ವಿರುದ್ಧ. ಇಟ್ಟು ಒಂದು ದಿನ ಕಳೆಯುವುದರೊಳಗೆ ಭ್ರೂಣ ಮೊಟ್ಟೆಯ ಮೇಲ್ಭಾಗಕ್ಕೆ ಬಂದು ನೆಲೆ ನಿಲ್ಲುತ್ತದೆ. ಆಮೇಲೆ ಮೊಟ್ಟೆಯನ್ನು ಹೊರಳಿಸಿದರೆ ಒಳಗಿನ ಪೊರೆ ಕಿತ್ತುಹೋಗಬಹುದು, ಹಳದಿಯ ಭಾರಕ್ಕೆ ಸಿಕ್ಕಿ ಭ್ರೂಣ ಸಾಯಬಹುದು.

ಕೆಂಪಿ ನನ್ನ ಬಳಿಗೆ ಬಂದಾಗ ಬೆರಳಿಗೆ ಸುತ್ತಿಕೊಳ್ಳುವಷ್ಟಿದ್ದ ಮರಿ. ಅವಳು ಕಾರ್ನ್ ಸ್ನೇಕ್. ಮೂಲತಃ ಆಗ್ನೇಯ ಅಮೆರಿಕದ, ವಿಷವಿಲ್ಲದ ಹಾವು. ಮೈಯಲ್ಲಿ ಕಪ್ಪು ವರ್ಣದ್ರವ್ಯವೇ ಇಲ್ಲದ ತಳಿಯಾದ್ದರಿಂದ ಕಿತ್ತಳೆ ಮೈ, ಕೆಂಪು ಮಚ್ಚೆ, ಕೆಂಪು ಕಣ್ಣು. ಹೆಣ್ಣು ಹಾವಿಗೆ ಕನಿಷ್ಠ ಮೂರು ವರ್ಷ ತುಂಬಿರಬೇಕು, ಮೂರು ಅಡಿ ಉದ್ದವಿರಬೇಕು, 300 ಗ್ರಾಂ ತೂಗಬೇಕು, ಅದಕ್ಕೆ ಮುಂಚೆ ಗಂಡಿನ ಜೊತೆ ಬಿಡಬಾರದು ಎಂಬುದು ಸಾಕುವವರ ನಡುವೆ ರೂಢಿಯಲ್ಲಿರುವ ಮಾತು. ನಾನು ನಾಲ್ಕು ವರ್ಷ ಕಾದೆ. ಆಗ ಅವಳ ತೂಕ 480 ಗ್ರಾಂ. ಚಳಿಗಾಲದಲ್ಲಿ ಹತ್ತು ವಾರ ಊಟವಿಲ್ಲದೆ 13 ಡಿಗ್ರಿಯ ತಂಪಿನಲ್ಲಿ ಮಲಗಿಸಿದ್ದು, ಎಬ್ಬಿಸಿ ಮೈತುಂಬ ಉಣಿಸಿದ್ದು, ಮಾಮೂಲು ಕಂದು ಬಣ್ಣದ ಗಂಡಿನ ಜೊತೆ ಬಿಟ್ಟದ್ದು, ಇವೆಲ್ಲ ಪುಸ್ತಕದಲ್ಲಿ ಓದಿದಂತೆಯೇ ನಡೆದವು. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಕೂಡಿದ ಒಂದು ತಿಂಗಳ ಸುಮಾರಿಗೆ ಅವಳು ಪೊರೆ ಬಿಟ್ಟಳು. ಮೊಟ್ಟೆ ಇಡುವ ಮುಂಚೆ ಒಮ್ಮೆ ಪೊರೆ ಬಿಡುತ್ತವೆ, ಅಲ್ಲಿಂದ ಹತ್ತು ಹನ್ನೆರಡು ದಿನಕ್ಕೆ ಮೊಟ್ಟೆ ಎಂದು ಗೊತ್ತಿತ್ತು. ಒದ್ದೆ ಪಾಚಿ ತುಂಬಿದ ಡಬ್ಬವೊಂದಕ್ಕೆ ಬಾಗಿಲು ಕೊರೆದು ಒಳಗಿಟ್ಟೆ. ಹನ್ನೊಂದನೆಯ ದಿನ ಬೆಳಗ್ಗೆ ನೋಡಿದರೆ ಕೆಂಪಿ ಅದರೊಳಗೆ ಸುರುಳಿ ಸುತ್ತಿ ಕೂತಿದ್ದಳು. ಹಿಂದಿನ ಸಂಜೆ ಬಿಗಿದ ದಿಂಬಿನಂತಿದ್ದ ಹೊಟ್ಟೆ ಸಡಿಲವಾಗಿ, ಪಕ್ಕೆಯ ಚರ್ಮ ಮಡಿಕೆಮಡಿಕೆಯಾಗಿ ಜೋತು ಬಿದ್ದಿತ್ತು. ಸುರುಳಿಯ ಸಂದಿನಲ್ಲಿ ಬಿಳಿ ಕಾಣಿಸಿತು.

ಹದಿನಾಲ್ಕು ಮೊಟ್ಟೆ. ಹನ್ನೆರಡು ಬಿಳಿ, ತುಂಬಿಕೊಂಡವು. ಎರಡು ಮಾತ್ರ ಸಣ್ಣವು, ಮೇಣದಂತೆ ಹಳದಿ. ಗೊಡ್ಡು ಮೊಟ್ಟೆಗಳು. ಇಟ್ಟ ಹೊಸದರಲ್ಲಿ ಮೈಯೆಲ್ಲ ಅಂಟಾಗಿರುವುದರಿಂದ ಅವು ಒಂದಕ್ಕೊಂದು ಕಚ್ಚಿಕೊಂಡು ಒಣಗುತ್ತವೆ. ನಾನು ನೋಡುವ ಹೊತ್ತಿಗೆ ಹೆಚ್ಚಿನವು ಒಂದೇ ಗೊಂಚಲಾಗಿದ್ದವು. ಗೊಡ್ಡುಗಳಲ್ಲಿ ಒಂದು ಬಿಡಿಯಾಗಿತ್ತು, ತೆಗೆದೆ. ಇನ್ನೊಂದು ಗೊಂಚಲಿನ ನಡುವೆಯೇ ಸಿಕ್ಕಿಕೊಂಡಿತ್ತು. ಇಪ್ಪತ್ತು ವರ್ಷಗಳಿಂದ ಹಾವು ಸಾಕುತ್ತಿರುವ ಹಿರಿಯರೊಬ್ಬರಿಗೆ ಫೋನು ಮಾಡಿದೆ. "ನೋಡಮ್ಮ, ಅದನ್ನು ಕೀಳಲು ಹೋದರೆ ಪಕ್ಕದ್ದರ ಚರ್ಮ ಹರಿಯುತ್ತದೆ. ಇರಲಿ ಬಿಡು" ಎಂದರು. ಮುಂದಿನ ಎರಡು ತಿಂಗಳಲ್ಲಿ ಅವರು ನನಗೆ ಹೇಳಿದ ಮಾತುಗಳಲ್ಲಿ ಮುಕ್ಕಾಲು ಪಾಲು ಇದೇ. ಇರಲಿ ಬಿಡು.

ಹೆಬ್ಬಾವು ತನ್ನ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕಾವು ಕೂರುತ್ತದೆ. ಕೆಲವು ಹೆಬ್ಬಾವುಗಳು ಮೈ ನಡುಗಿಸಿ ಬಿಸಿಯನ್ನೂ ಹುಟ್ಟಿಸುತ್ತವೆ. ಕಾಳಿಂಗ ಸರ್ಪ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಕಾವಲಿರುತ್ತದೆ. ಕಾರ್ನ್ ಸ್ನೇಕ್ ಇಟ್ಟು ಹೊರಟುಬಿಡುತ್ತದೆ. ಕೆಂಪಿಯನ್ನು ಮೆಲ್ಲಗೆ ಎತ್ತಿದಾಗ ಅವಳು ತಿರುಗಿಯೂ ನೋಡಲಿಲ್ಲ, ನೇರವಾಗಿ ನೀರಿನ ಬಟ್ಟಲಿಗೆ ಹೋದಳು. ತುಂಬ ಹೊತ್ತು ಕುಡಿದಳು. ತೂಗಿದರೆ 345 ಗ್ರಾಂ. ನನಗೆ ಆಗ ಮೊಟ್ಟೆಗಳಿಗಿಂತ ಅವಳನ್ನು ನೋಡಿಯೇ ಹೊಟ್ಟೆ ಚುರುಕ್ಕೆಂದಿತು. ಮೊದಲ ಸಲ ಮರಿ ಮಾಡಿಸುವವರು ಈ ಒಂದನ್ನು ಮರೆಯಬಾರದು. ಎಲ್ಲರ ಕಣ್ಣೂ ಮೊಟ್ಟೆಯ ಡಬ್ಬದ ಮೇಲೆ ನೆಟ್ಟಿರುವಾಗ ಸೊರಗಿದ ತಾಯಿ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ಸಣ್ಣ ಸಣ್ಣ ಇಲಿಗಳನ್ನು ನಾಲ್ಕೈದು ದಿನಕ್ಕೊಮ್ಮೆ ಕೊಟ್ಟು ಅವಳ ಮೈ ಕೂಡಿಸಿದೆ.

ಕಾವಿನ ಪೆಟ್ಟಿಗೆ ಮೊದಲೇ ಸಿದ್ಧವಿತ್ತು. ದಪ್ಪನೆಯ ಥರ್ಮೋಕೋಲ್ ಪೆಟ್ಟಿಗೆ, ತಳದಲ್ಲಿ ಬಿಸಿ ಮಾಡುವ ತಂತಿ, ಅದನ್ನು ಹತ್ತಿಸಿ ಆರಿಸುವ ಥರ್ಮೋಸ್ಟಾಟ್, ಬದಿಗಳಲ್ಲಿ ನೀರು ತುಂಬಿದ ಆರು ಬಾಟಲಿಗಳು. ಬಾಟಲಿಗಳು ಯಾಕೆಂದರೆ, ನೀರು ಬಿಸಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಮೊಟ್ಟೆ ಇಡುವ ಒಂದು ವಾರ ಮುಂಚೆಯೇ ಖಾಲಿ ಪೆಟ್ಟಿಗೆಯನ್ನು ಚಾಲೂ ಮಾಡಿ 28 ಡಿಗ್ರಿಯಲ್ಲಿ ನಿಲ್ಲುವವರೆಗೆ ತಿದ್ದಿದ್ದೆ. ಮೊಟ್ಟೆಗಳ ಡಬ್ಬಕ್ಕೆ ವರ್ಮಿಕ್ಯುಲೈಟ್, ಅಂದರೆ ತೇವ ಹಿಡಿದಿಡುವ ಹಗುರ ಖನಿಜದ ಚೂರು ಹಾಕಿ, ಅದರ ತೂಕದಷ್ಟೇ ನೀರು ಬೆರೆಸಿದೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಸುರಿಯಬಾರದು. ಗೊಂಚಲನ್ನು ಹಾಗೆಯೇ ಅರ್ಧ ಹುದುಗುವಂತೆ ಕೂರಿಸಿ, ಮುಚ್ಚಳದಲ್ಲಿ ನಾಲ್ಕು ಸಣ್ಣ ತೂತು ಮಾಡಿ ಮುಚ್ಚಿದೆ. ನನ್ನ ಕೆಲಸ ಅಷ್ಟಕ್ಕೇ ಮುಗಿದಿತ್ತು. ಅದು ಮುಗಿದಿದೆ ಎಂದು ಒಪ್ಪಿಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು.

ಆರನೆಯ ದಿನ ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಒಂದನೆಯ ಮೊಟ್ಟೆಯ ಪಕ್ಕೆಗೆ ತಾಗಿಸಿದೆ. ಎತ್ತಲಿಲ್ಲ. ಇಡೀ ಮೊಟ್ಟೆ ಒಳಗಿನಿಂದ ದೀಪ ಹಚ್ಚಿದಂತೆ ಗುಲಾಬಿಯಾಗಿ ಬೆಳಗಿತು. ಮೇಲ್ಭಾಗದಲ್ಲಿ ಒಂದು ಕೆಂಪು ಬಿಂದು, ಅಲ್ಲಿಂದ ಕೂದಲಿಗಿಂತ ತೆಳ್ಳಗಿನ ನರಗಳು ಎಲೆಯ ಹಿಂಬದಿಯಂತೆ ಕವಲೊಡೆದು ಇಳಿದಿದ್ದವು. ತಂಗಿ ಹಿಂದೆ ನಿಂತು ನೋಡುತ್ತಿದ್ದಳು. ಹಾವೆಂದರೆ ಕೋಣೆಗೇ ಕಾಲಿಡದವಳು. "ಅಕ್ಕಾ, ಅದು ಅಲ್ಲಾಡುತ್ತಿದೆಯಾ?" ಎಂದು ಪಿಸುಗುಟ್ಟಿದಳು. ನಾನೂ ಅದನ್ನೇ ನೋಡುತ್ತಿದ್ದೆ. ಆ ಬಿಂದು ಬಡಿದುಕೊಳ್ಳುತ್ತಿರುವ ಹಾಗೆ ನನಗೂ ಕಂಡಿತು, ಆದರೆ ಟಾರ್ಚ್ ಹಿಡಿದ ಕೈಯೇ ನಡುಗುತ್ತಿತ್ತೋ ಏನೋ. ಗೊಡ್ಡು ಮೊಟ್ಟೆಗೆ ಬೆಳಕು ಹಿಡಿದರೆ ಬರೀ ಹಳದಿ, ನರವಿಲ್ಲ, ಏನೂ ಇಲ್ಲ.

ಅದಾದ ಮೇಲೆ ದಿನವೂ ಟಾರ್ಚ್ ಹಿಡಿಯುವ ಆಸೆ. ದಿನವೂ ಮುಚ್ಚಳ ತೆಗೆಯುವ ಆಸೆ. ತೆಗೆದ ಪ್ರತಿಸಲವೂ ಒಳಗಿನ ತೇವ ಹೊರಗೆ ಹೋಗುತ್ತದೆ, ಬಿಸಿ ಇಳಿಯುತ್ತದೆ. ವಾರಕ್ಕೊಮ್ಮೆ ಒಂದು ನಿಮಿಷ ತೆಗೆದು ಹೊಸ ಗಾಳಿ ಬಿಟ್ಟರೆ ಸಾಕು. ನಾನು ಮೊದಲ ಎರಡು ವಾರ ದಿನಕ್ಕೆ ಮೂರು ಸಲ ತೆಗೆದೆ. ತಪ್ಪೆಂದು ಗೊತ್ತಿದ್ದೇ ತೆಗೆದೆ. ಕೊನೆಗೆ ಒಂದು ನೋಟ್ ಪುಸ್ತಕ ಇಟ್ಟುಕೊಂಡು, ಕೈ ಮುಚ್ಚಳಕ್ಕೆ ಹೋಗುವಾಗೆಲ್ಲ ಅದರ ಬದಲು ಹೊರಗಿನ ಮಾಪಕ ನೋಡಿ ಉಷ್ಣಾಂಶ ಬರೆಯುವ ಅಭ್ಯಾಸ ಮಾಡಿಕೊಂಡೆ. 28.1. 27.9. 28.0. ಆ ಪುಟಗಳನ್ನು ಈಗ ನೋಡಿದರೆ ಕೆಲವು ದಿನ ಹನ್ನೆರಡು ಸಲ ಬರೆದಿದ್ದೇನೆ.

ಹದಿನೆಂಟನೆಯ ದಿನ ಬೂಷ್ಟು ಹಿಡಿಯಿತು. ಗೊಂಚಲಿನ ನಡುವೆ ಸಿಕ್ಕಿಕೊಂಡಿದ್ದ ಗೊಡ್ಡು ಮೊಟ್ಟೆಯ ಮೇಲೆ ಬೂದು ಹತ್ತಿಯಂಥದ್ದು ಬೆಳೆದು, ಪಕ್ಕದ 7ನೆಯ ಮೊಟ್ಟೆಯ ಭುಜಕ್ಕೂ ಹಬ್ಬಿತ್ತು. ನನಗೆ ಕೈಕಾಲು ಆಡಲಿಲ್ಲ. ಕಿತ್ತು ಬಿಸಾಡಿದರೆ ಉಳಿದವಾದರೂ ಉಳಿದಾವು ಎಂದು ಕೈ ಹಾಕಿಯೂಬಿಟ್ಟಿದ್ದೆ. ಫೋನಿನಲ್ಲಿ ಹಿರಿಯರು, "ಟಾರ್ಚ್ ಹಿಡಿದು ನೋಡು, ಏಳರಲ್ಲಿ ನರ ಇದೆಯಾ?" ಎಂದರು. ಇತ್ತು. ದಟ್ಟವಾಗಿಯೇ ಇತ್ತು. ಜೀವವಿರುವ ಮೊಟ್ಟೆ ಬೂಷ್ಟನ್ನು ತಡೆದುಕೊಳ್ಳುತ್ತದೆ, ಸತ್ತದ್ದು ಮಾತ್ರ ಅದಕ್ಕೆ ಸೋಲುತ್ತದೆ ಎಂದು ಅವರು ವಿವರಿಸಿದರು. ಒಣ ಹತ್ತಿಕಡ್ಡಿಯಿಂದ ಮೇಲಿನ ಬೂಷ್ಟನ್ನಷ್ಟೇ ಒರೆಸಿ, ಗಾಳಿಯಾಡಲೆಂದು ಮುಚ್ಚಳಕ್ಕೆ ಇನ್ನೆರಡು ತೂತು ಕೊರೆದೆ. ಮುಚ್ಚಳದಲ್ಲಿ ಕೂಡಿದ ನೀರಹನಿಗಳು ಮೊಟ್ಟೆಗಳ ಮೇಲೆ ತೊಟ್ಟಿಕ್ಕುತ್ತಿರುವುದನ್ನೂ ಅವತ್ತೇ ಕಂಡದ್ದು. ಡಬ್ಬದ ಒಂದು ಬದಿಗೆ ಕಡ್ಡಿಯಿಟ್ಟು ಮುಚ್ಚಳವನ್ನು ಓರೆ ಮಾಡಿದೆ. ಹನಿಗಳು ಜಾರಿ ಗೋಡೆಗುಂಟ ಇಳಿಯತೊಡಗಿದವು.

ಕೆಟ್ಟದ್ದು 7 ಅಲ್ಲ, 3. ಬೂಷ್ಟು ಇಲ್ಲದ, ಅಂಚಿನಲ್ಲಿ ಚೊಕ್ಕಟವಾಗಿ ಕೂತಿದ್ದ ಮೊಟ್ಟೆ. ಇಪ್ಪತ್ನಾಲ್ಕನೆಯ ದಿನ ಹಳದಿಗಟ್ಟಿ, ಎರಡೇ ದಿನದಲ್ಲಿ ಗಾಳಿ ಹೋದ ಚೆಂಡಿನಂತೆ ಕುಸಿಯಿತು. ಮುಚ್ಚಳ ತೆಗೆದರೆ ವಾಸನೆ. ಒಳ್ಳೆಯ ಮೊಟ್ಟೆಗಳ ಡಬ್ಬ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಇದು ಹಾಗಿರಲಿಲ್ಲ, ಮೂಗಿಗೆ ಬಡಿದ ಕ್ಷಣವೇ ಗೊತ್ತಾಗಿಬಿಟ್ಟಿತು. ಅಂಚಿನದಾದ್ದರಿಂದ ಬಿಡಿಸಿ ತೆಗೆಯಲು ಬಂತು. ಹನ್ನೊಂದು ಉಳಿದವು.

ಮೂವತ್ತೇಳನೆಯ ದಿನ ರಾತ್ರಿ ಕರೆಂಟು ಹೋಯಿತು. ಒಂದು ಗಂಟೆ, ಎರಡು ಗಂಟೆ, ಬರಲಿಲ್ಲ. ಮಾಪಕ 27ಕ್ಕೆ ಇಳಿಯಿತು, 26ಕ್ಕೆ ಇಳಿಯಿತು. ಬಿಸಿನೀರು ಕಾಯಿಸಿ ಬಾಟಲಿಗೆ ತುಂಬಿ ಪೆಟ್ಟಿಗೆಯೊಳಗೆ ಇಡಲು ಹೊರಟಿದ್ದೆ. ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ಹಿರಿಯರಿಗೆ ಫೋನು ಮಾಡಿದೆ. ರಾತ್ರಿ ಒಂದು ಗಂಟೆ ದಾಟಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಬಿಸಿ ಬಾಟಲಿ ಇಡಬೇಡಮ್ಮ. ತಂಪಾದರೆ ಮರಿ ನಿಧಾನವಾಗಿ ಬೆಳೆಯುತ್ತದೆ, ಅಷ್ಟೇ. ಬಿಸಿ ಏರಿದರೆ ಬೆನ್ನುಮೂಳೆ ಸೊಟ್ಟಗಾಗುತ್ತದೆ, ಸತ್ತೂಹೋಗುತ್ತದೆ. ಪೆಟ್ಟಿಗೆಗೆ ಹೊದಿಕೆ ಹೊದಿಸಿ ಮಲಗು" ಎಂದರು. ಕಾಡಿನಲ್ಲಿ ಮೊಟ್ಟೆಗಳು ಹಗಲು ರಾತ್ರಿಗಳ ಏರಿಳಿತದಲ್ಲೇ ಬೆಳೆಯುತ್ತವೆ ಎಂಬುದು ನಾನು ಓದದೆ ಇದ್ದ ವಿಷಯವೇನಲ್ಲ. ಓದಿದ್ದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಕಂಬಳಿ ಹೊದಿಸಿದೆ, ಮಲಗಲಿಲ್ಲ. ಒಳಗಿದ್ದ ಆರು ಬಾಟಲಿಗಳ ನೀರು ಮೆಲ್ಲಮೆಲ್ಲನೆ ತನ್ನ ಬಿಸಿ ಬಿಟ್ಟುಕೊಡುತ್ತಾ ಇತ್ತು. ಬೆಳಗ್ಗೆ ಐದಕ್ಕೆ ಕರೆಂಟು ಬಂದಾಗ ಮಾಪಕ 24.3.

ಐವತ್ತನೆಯ ದಿನದ ಸುಮಾರಿಗೆ ಮೊಟ್ಟೆಗಳು ಗುಳಿ ಬೀಳತೊಡಗಿದವು. ಅಲ್ಲಿಯವರೆಗೆ ನೀರು ಹೀರಿ ಹೀರಿ, ಇಟ್ಟಾಗಿನದಕ್ಕಿಂತ ಕಣ್ಣಿಗೆ ಕಾಣುವಷ್ಟು ದಪ್ಪವಾಗಿದ್ದವು. ಈಗ ಒಂದೊಂದೇ ಹೆಬ್ಬೆಟ್ಟು ಒತ್ತಿದಂತೆ ಕುಗ್ಗಿದವು. ಮೊದಮೊದಲು ಗುಳಿ ಬಿದ್ದರೆ ತೇವ ಸಾಲದು ಎಂದರ್ಥ, ಕೊನೆಯ ಒಂದೆರಡು ವಾರದಲ್ಲಿ ಬಿದ್ದರೆ ಮರಿ ಬಲಿತಿದೆ ಎಂದರ್ಥ. ಒಂದೇ ಗುರುತಿಗೆ ಎರಡು ಅರ್ಥ, ಎರಡೂ ಒಂದಕ್ಕೊಂದು ವಿರುದ್ಧ. ನೀರು ಹಾಕಲೋ ಬೇಡವೋ ಎಂದು ಎರಡು ದಿನ ಹೊಯ್ದಾಡಿದೆ. ಡಬ್ಬವನ್ನು ತೂಗಿದರೆ ಮೊದಲಿನ ತೂಕಕ್ಕೆ ಹೆಚ್ಚು ವ್ಯತ್ಯಾಸವಿರಲಿಲ್ಲ, ಅಂದರೆ ಒಳಗಿನ ನೀರು ಒಳಗೇ ಇದೆ. ಹಾಕಲಿಲ್ಲ. ಈ ಒಂದು ನಿರ್ಧಾರ ಮಾತ್ರ ಯಾರನ್ನೂ ಕೇಳದೆ ನಾನೇ ಮಾಡಿದ್ದು.

61ನೆಯ ದಿನ ಬೆಳಗ್ಗೆ 5ನೆಯ ಮೊಟ್ಟೆಯ ಮೇಲೆ ಬ್ಲೇಡಿನಿಂದ ಗೀಚಿದಂಥ ಸೀಳು ಕಂಡಿತು. ಒಂದಲ್ಲ, ಪಕ್ಕಪಕ್ಕದಲ್ಲೇ ಮೂರು. ಮರಿಯ ಮೇಲ್ದವಡೆಯ ತುದಿಯಲ್ಲಿ ಒಂದು ಚೂಪು ಹಲ್ಲಿರುತ್ತದೆ, ಚಿಪ್ಪು ಸೀಳುವುದಷ್ಟೇ ಅದರ ಕೆಲಸ. ಹೊರಬಂದ ಮೇಲೆ ಅದು ಬಿದ್ದುಹೋಗುತ್ತದೆ. ಸೀಳಿನಿಂದ ಅಂಟುದ್ರವ ಜಿನುಗಿ ಗುಳ್ಳೆಯೊಂದು ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಉಸಿರು! ಹತ್ತು ನಿಮಿಷದ ಮೇಲೆ ಸೀಳು ಅಗಲವಾಗಿ ಒಂದು ಮೂತಿ ಬಂತು. ಬೆಂಕಿಕಡ್ಡಿಯ ಮದ್ದಿಗಿಂತ ಸ್ವಲ್ಪ ದೊಡ್ಡದಿದ್ದೀತು. ಅದರ ಎರಡೂ ಬದಿಗೆ ಕೆಂಪು ಕಣ್ಣು. ತಾಯಿಯ ಬಣ್ಣ. ಅಪ್ಪ ಕಂದು ಬಣ್ಣದವನಾದರೂ ಅವನ ತಾಯಿ ಕೆಂಪಿಯಂಥವಳೇ ಆಗಿದ್ದರಿಂದ, ಪ್ರತಿ ಮೊಟ್ಟೆಗೂ ಅರ್ಧಕ್ಕರ್ಧ ಸಾಧ್ಯತೆ ಎಂದು ಲೆಕ್ಕ ಹಾಕಿಟ್ಟಿದ್ದೆ. ಲೆಕ್ಕ ಹಾಕಿದ್ದು ಬೇರೆ, ಆ ಕಣ್ಣು ನನ್ನತ್ತ ತಿರುಗಿದ್ದು ಬೇರೆ.

ತಂಗಿ ಓಡಿ ಬಂದು ಮೊಬೈಲಿನಲ್ಲಿ ಫೋಟೋ ತೆಗೆದಳು. ಫ್ಲ್ಯಾಶ್ ಮಿಂಚಿತು. ಮೂತಿ ಸರಕ್ಕನೆ ಒಳಗೆ ಹೋಯಿತು. ನಾಲ್ಕು ಗಂಟೆ ಹೊರಗೆ ಬರಲಿಲ್ಲ. ತಂಗಿ ಅಪರಾಧ ಮಾಡಿದವಳ ಹಾಗೆ ಗೋಡೆಗೊರಗಿ ಕೂತಿದ್ದಳು. ಚಿಪ್ಪು ಸೀಳಿದ ಮೇಲೂ ಮರಿ ಒಂದೆರಡು ದಿನ ಮೊಟ್ಟೆಯಲ್ಲೇ ಇರುತ್ತದೆ, ಉಳಿದ ಹಳದಿಯನ್ನೆಲ್ಲ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಹೆದರಿ ಮೊದಲೇ ಹೊರಗೆ ಬಿದ್ದರೆ ಹಳದಿಯ ಚೀಲ ಹೊಟ್ಟೆಯ ಹೊರಗೇ ನೇತಾಡುತ್ತದೆ, ಹರಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕೋಣೆಯ ದೀಪ ಆರಿಸಿದೆವು. ಇಬ್ಬರೂ ಕತ್ತಲಲ್ಲಿ ಕೂತು, ಬಾಗಿಲ ಸಂದಿನ ಬೆಳಕಿನಲ್ಲಿ ನೋಡುತ್ತಿದ್ದೆವು.

ಮಧ್ಯಾಹ್ನಕ್ಕೆ 1, 8, 12 ಸೀಳಿದವು. ರಾತ್ರಿ 2, 4, 10. ಬೂಷ್ಟು ಹಿಡಿದಿದ್ದ 7 ಎಲ್ಲರ ನಡುವೆ ಯಾವ ಸದ್ದೂ ಇಲ್ಲದೆ ಸೀಳಿಕೊಂಡಿತ್ತು. ನಾನು ನೋಡುವಾಗ ಅದರ ತಲೆ ಆಗಲೇ ಹೊರಗಿತ್ತು. 6 ಮತ್ತು 11 ಮಾರನೆಯ ದಿನ. 63ನೆಯ ದಿನ ಸಂಜೆಗೆ ಹತ್ತು ಮರಿಗಳೂ ಹೊರಗೆ. ಆರು ಕಂದು, ನಾಲ್ಕು ಕೆಂಪು. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದ, ತೂಕ ಆರೇಳು ಗ್ರಾಂ. ಅಷ್ಟಿದ್ದರೂ ಕೈ ಹತ್ತಿರ ಹೋದರೆ ಬಾಲ ಅದುರಿಸಿ, ಕುತ್ತಿಗೆಯನ್ನು ಎಸ್ಸಿನಂತೆ ಮಡಿಚಿ ಎಗರುತ್ತಿದ್ದವು.

9 ಸೀಳಲಿಲ್ಲ.

ಮೊದಲ ಮರಿ ಮೂತಿ ಚಾಚಿದ ಕೂಡಲೇ ಉಳಿದ ಮೊಟ್ಟೆಗಳನ್ನೆಲ್ಲ ಕತ್ತರಿಯಿಂದ ಸೀಳಿಬಿಡುವ ಸಾಕಣೆಗಾರರಿದ್ದಾರೆ. ನಾನು ಅದಕ್ಕೆ ವಿರುದ್ಧ. ಮೊದಲ ದಿನವೇ ಕತ್ತರಿಸಿದ್ದರೆ, ಮೂರನೆಯ ದಿನ ಹಳದಿ ಮುಗಿಸಿ ತಾನಾಗಿ ಬಂದ 6ನೆಯ ಮರಿಯನ್ನು ನಾನೇ ಅವಸರಕ್ಕೆ ದೂಡಿದಂತಾಗುತ್ತಿತ್ತು. ಆದರೆ 9ರ ಮುಂದೆ ಕೂತಾಗ ಅವರ ಕೈ ಯಾಕೆ ತಡೆಯುವುದಿಲ್ಲ ಎಂಬುದು ಅರ್ಥವಾಯಿತು. 64ನೆಯ ದಿನ ಕಾದೆ. 65ರ ಸಂಜೆ ಟಾರ್ಚ್ ಹಿಡಿದರೆ ಒಳಗೆ ಬರೀ ಕಪ್ಪು, ಚಲನೆಯಿಲ್ಲ. ಹಿರಿಯರು ಈ ಸಲ ಇರಲಿ ಬಿಡು ಎನ್ನಲಿಲ್ಲ. "ನೋಡು" ಎಂದರು. ಉಗುರು ಕತ್ತರಿಯಿಂದ ಸಂಖ್ಯೆಯ ಪಕ್ಕದಲ್ಲೇ ಚಿಪ್ಪನ್ನು ಎತ್ತಿ ಹಿಡಿದು ಸೀಳಿದೆ. ಮರಿ ಪೂರ್ತಿ ಬೆಳೆದಿತ್ತು. ಕೆಂಪು ತಳಿ. ಬೆನ್ನ ಮೇಲಿನ ಒಂದೊಂದು ಮಚ್ಚೆಯೂ ಅಚ್ಚು ಹಾಕಿದಂತೆ, ತಲೆಯ ಮೇಲೆ ಈಟಿಯ ಗುರುತು ಸ್ಪಷ್ಟ. ಬೆನ್ನುಮೂಳೆ ನೆಟ್ಟಗಿತ್ತು. ಒಂದು ಸುರುಳಿಯ ಮೇಲೆ ಇನ್ನೊಂದು ಸುರುಳಿ ಹಾಕಿ, ಬಾಲದ ಮೇಲೆ ಗಲ್ಲ ಊರಿ ಮಲಗಿತ್ತು. ಉಸಿರಿರಲಿಲ್ಲ. ಒಂದು ದಿನ ಮೊದಲೇ ಸೀಳಿದ್ದರೆ ಎಂದು ತಂಗಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಪ್ರಶ್ನೆ ಇವತ್ತಿಗೂ ಹಾಗೆಯೇ ಇದೆ. ಮುಂದಿನ ಸಲವೂ ನಾನು ಮೊದಲ ದಿನ ಕತ್ತರಿ ಮುಟ್ಟುವುದಿಲ್ಲ. ಆದರೆ ಎಲ್ಲ ಮರಿಗಳೂ ಹೊರಬಂದ ಮೇಲೆ ಎರಡು ದಿನ ಕಾಯುತ್ತೇನೆಯೇ ಎಂದು ಕೇಳಿದರೆ, ಕಾಯುವುದಿಲ್ಲ.

ಮರಿಗಳನ್ನು ಒಂದೊಂದಾಗಿ ಬೇರೆ ಬೇರೆ ಡಬ್ಬಗಳಲ್ಲಿ, ಒದ್ದೆ ಕಾಗದದ ಮೇಲೆ ಬಿಟ್ಟೆ. ಎಂಟು ಹತ್ತು ದಿನಕ್ಕೆ ಮೊದಲ ಪೊರೆ ಬಿಟ್ಟವು. ಹಾವಿನ ಮರಿಗೆ ಪೊರೆ ಬಿಡುವವರೆಗೆ ಊಟ ಬೇಡ, ಹೊಟ್ಟೆಯಲ್ಲಿ ಹಳದಿಯ ಬುತ್ತಿ ಇರುತ್ತದೆ. ಒಂಬತ್ತು ಮರಿಗಳು ಮೊದಲೆರಡು ಸಲಕ್ಕೇ ಆಗಷ್ಟೇ ಹುಟ್ಟಿದ ಇಲಿಮರಿಯನ್ನು ನುಂಗಿದವು. 6ನೆಯದು ಮಾತ್ರ ಮುಖ ತಿರುಗಿಸಿತು. ಐದು ದಿನ ಬಿಟ್ಟು ಮತ್ತೆ ಇಟ್ಟೆ, ಇಲ್ಲ. ಮೂರನೆಯ ಸಲ ಇಕ್ಕಳದಲ್ಲಿ ಹಿಡಿದು ಮೂತಿಗೆ ತಾಗಿಸಿದೆ, ಹೆದರಿ ಮೂಲೆ ಸೇರಿತು. ನಾನು ಮುಂದೆ ಕೂತಷ್ಟೂ ಅದು ತಿನ್ನುವುದಿಲ್ಲ ಎಂದು ನನಗೇ ಅನ್ನಿಸಿತು. ನಾಲ್ಕನೆಯ ಸಲ ಅಂಗೈಯಗಲದ ಒಂದು ಡಬ್ಬದಲ್ಲಿ ಮರಿಯನ್ನೂ ಇಲಿಮರಿಯನ್ನೂ ಒಟ್ಟಿಗೆ ಇಟ್ಟು, ಮುಚ್ಚಿ, ಕತ್ತಲೆ ಕೋಣೆಯಲ್ಲಿ ಬಿಟ್ಟು ಬಂದೆ. ರಾತ್ರಿಯೆಲ್ಲ ಆ ಕಡೆ ಹೋಗಲಿಲ್ಲ.

ಬೆಳಗ್ಗೆ ಮುಚ್ಚಳ ಎತ್ತಿದರೆ ಇಲಿಮರಿ ಇರಲಿಲ್ಲ. ಮರಿಯ ನಡುವಿನಲ್ಲಿ ಕಡಲೆಕಾಯಿಯಷ್ಟು ಉಬ್ಬು. ಅಲ್ಲಿ ಚರ್ಮ ಬಿಗಿದು, ಹುರುಪೆಗಳ ನಡುವಿನ ಬಿಳಿ ಗೆರೆಗಳು ಕಾಣುತ್ತಿದ್ದವು. ನಾಲಗೆಯನ್ನು ಒಂದು ಸಲ ಚಾಚಿ ಒಳಗೆಳೆದುಕೊಂಡಿತು. ಎತ್ತಿ ಅಂಗೈಯಲ್ಲಿ ಇಟ್ಟುಕೊಳ್ಳಬೇಕೆಂದು ತುಂಬ ಅನ್ನಿಸಿತು. ಉಂಡ ಹಾವನ್ನು ಎರಡು ದಿನ ಎತ್ತಬಾರದು. ಮುಚ್ಚಳ ಹಾಕಿ, ನೋಟ್ ಪುಸ್ತಕ ತೆಗೆದು, 6 ಎಂದು ಬರೆದು ಅದರ ಮುಂದೆ "ತಿಂದಿತು" ಎಂದು ಬರೆದೆ.